ಘಟಿಕಾಸ್ಥಾನಕ್ಕೆ ಒಂದು ದಂಡಯಾತ್ರೆ

ಬೆಳಿಗ್ಗೆ ಹತ್ತಕ್ಕೆ ಕೊಡೆ, ನೀರಿನ ಬಾಟಲಿ, ಎರಡು ಬಾಳೆಹಣ್ಣುಗಳ ಸಮೇತ ರಾಜಾಜಿನಗರದಿಂದ ವಿಜಯನಗರಕ್ಕೆ ಹೊರಟೆ. ದೂರ ನಾಲ್ಕು ಕಿಲೋಮೀಟರ್. ಮೆಟ್ರೊದಲ್ಲಿ ಹೋಗುವವರು ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೆ ಹತ್ತಬೇಕು. ಅಷ್ಟರಲ್ಲಿ ದಿಕ್ಕು ಮರೆತುಹೋಗುತ್ತದೆ. ನಾನೂ ದಿಕ್ಕು ಮರೆತೇ ತಲುಪಿದೆ.

ಆರ್‌ಪಿಸಿ ಲೇಔಟ್‌ನಲ್ಲಿ ‘ಘಟಿಕಾಸ್ಥಾನ’ ಎಂಬ ಬೋರ್ಡು ಇದೆಯೆಂದು ನೆರೆಮನೆಯವರು ಹೇಳಿದ್ದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಈ ಪದವನ್ನು ಶಾಸನಗಳಲ್ಲಷ್ಟೇ ಕಂಡಿದ್ದೆ: ಹಿಂದಿನವರು ಕೂಡಿ ಓದುವ, ಯೋಚಿಸುವ, ಮುಖ್ಯವಾಗಿ ವಾದಿಸುವ ತಾಣ. ನಾನೂ ವಾದಕ್ಕೆ ಸಿದ್ಧನಾಗಿಯೇ ಹೋಗಿದ್ದೆ.

ಬೇಕರಿಯ ಮೇಲಿನ ಎರಡನೇ ಮಹಡಿ. ಬಾಗಿಲು ತಳ್ಳಿ, “ನಮಸ್ಕಾರ! ಇವತ್ತಿನ ಚರ್ಚೆ ಯಾವ ವಿಷಯದ ಮೇಲೆ?” ಎಂದೆ. ಹಲಗೆಯ ಗೂಡುಗಳಿಂದ ನಲವತ್ತು ತಲೆಗಳು ಎದ್ದವು.

ಮ್ಯಾನೇಜರ್ ಓಡಿಬಂದು ಪಿಸುಗುಟ್ಟಿದ: “ಸಾರ್, ಇದು ರೀಡಿಂಗ್ ರೂಮ್, ಮಾತಾಡಂಗಿಲ್ಲ. ಎಲ್ಲಾ ಎಕ್ಸಾಮ್‌ಗೆ ಓದ್ತಾ ಇದಾರೆ.”

“ಮತ್ತೆ ಯೋಚನೆ?”

“ಅದಕ್ಕೆ ಟೆರೇಸ್ ಇದೆ ಸಾರ್.”

ಉಚ್ಚಾಟಿತನಾಗಿ ಮೆಟ್ಟಿಲಿಳಿಯುವಾಗ ಹಿಂದೆಯೇ ಒಬ್ಬ ಹುಡುಗಿ ಬಂದಳು. ಇಂಡಿ ತಾಲೂಕಿನ ಕಡೆಯವಳು, ಹೆಸರು ರೇಣುಕಾ. ದನಿ ಇರುವೆಯ ಹೆಜ್ಜೆಯಷ್ಟು. “ಸರ್, ನಾಳೆ ನಂದು ಸರ್ಕಾರಿ ನೌಕರಿ ಇಂಟರ್‌ವ್ಯೂ ಐತ್ರಿ. ಮೂರು ತಿಂಗಳಾತು, ಗಟ್ಟ್ಯಾಗಿ ಮಾತಾಡಿಲ್ಲ. ಈಗ ದನೀನ ಬರವಲ್ದು. ಆ ಹಾಲ್‌ನ್ಯಾಗ ಬಾಯಿ ಬಿಟ್ಟವರು ನೀವೊಬ್ರ. ಒಂದಿಷ್ಟು ಪ್ರಶ್ನೆ ಕೇಳ್ರಲ್ಲ.”

ಎದುರಿನ ಟೀ ಅಂಗಡಿಯಲ್ಲಿ ಸಿಂಹಾಸನದಂತೆ ಸ್ಟೂಲು ಎಳೆದುಕೊಂಡು ಕೂತು ಕೇಳಿದೆ: “ರಸ್ತೆ ಅಗಲ ಮಾಡಲು ಮರ ಕಡಿಯಬೇಕೋ, ಬೇಡವೋ?”

ಆಕೆ ಏನೋ ಅಂದಳು.

“ಜೋರಾಗಿ ಹೇಳಮ್ಮಾ, ಸ್ಟೌ ಸದ್ದೇ ನಿನಗಿಂತ ಜಾಸ್ತಿ,” ಎಂದ ಅಂಗಡಿಯವನು.

“ಕಡೀಬಾರದ್ರಿ. ಯಾಕಂದ್ರ…”

“ಕಡೀಲೇಬೇಕು ಗುರು,” ಎಂದು ಟೀ ಕುಡಿಯುತ್ತಿದ್ದ ಡೆಲಿವರಿಯವನೊಬ್ಬ ನುಗ್ಗಿದ. “ನಾವು ಟ್ರಾಫಿಕ್‌ನಲ್ಲಿ ಸಾಯ್ತಾ ಇದೀವಿ.”

“ಮತ್ತ ಸಿಗ್ನಲ್‌ನ್ಯಾಗ ನೆರಳು ಹುಡುಕಿ ನಿಂದ್ರವ್ರು ಯಾರ್ರಿ?”

“ಅದು ಬೇರೆ ಮೇಡಂ…”

“ಸುಮ್ಕಿರ್ರಿ! ನಾ ಇನ್ನೂ ಮುಗಿಸಿಲ್ಲ!”

ಬೀದಿ ಬೆಚ್ಚಿತು. ಆಕೆಯೂ ಬೆಚ್ಚಿದಳು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ಮುಂದುವರಿಸಿದಳು.

ಎರಡನೆಯ ಪ್ರಶ್ನೆಗೆ ನನಗೆ ಅವಕಾಶವೇ ಸಿಗಲಿಲ್ಲ. ಪರೀಕ್ಷಕನಾದ ನಾನು ಎದ್ದುಹೋದದ್ದನ್ನು ಯಾರೂ ಗಮನಿಸಲೂ ಇಲ್ಲ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಡೆಲಿವರಿಯವನು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆ ತಗ್ಗಿಸಿ ಆಕೆಯ ಮಾತು ಕೇಳುತ್ತಿದ್ದ.