ಜೋಮು ಹಿಡಿದ ಬಲಗೈ

ನನ್ನ ಗಂಡ ಮೆಡಿಕಲ್ ರೆಪ್ ಆಗಿದ್ದರು. ತೊಂಬತ್ತರ ದಶಕದಲ್ಲಿ ಆ ಕೆಲಸ ಅಂದರೆ ಕುತ್ತಿಗೆಗೆ ಟೈ, ಕೈಗೆ ಚರ್ಮದ ಬ್ಯಾಗು, ಕೂರಲು ಒಂದು ಬೈಕು. ಚಾಮರಾಜಪೇಟೆಯ ನಮ್ಮ ಮನೆಯಿಂದ ಬೆಳಗ್ಗೆ ಹೊರಟರೆ ತುಮಕೂರು, ಕುಣಿಗಲ್, ಕೋಲಾರ ಅಂತ ಸುತ್ತಿ, ದೂಳು ಮೆತ್ತಿಕೊಂಡು ವಾಪಸು ಬರುತ್ತಿದ್ದರು. ಹೊರಗಿನ ಊರುಗಳಿಗೆ ಹೋಗದ ದಿನ ಬಳೇಪೇಟೆ ಸುತ್ತಮುತ್ತಲಿನ ಔಷಧಿ ಹೋಲ್‌ಸೇಲ್ ಅಂಗಡಿಗಳ ಓಡಾಟ. ಆ ಗಲ್ಲಿಗಳಲ್ಲಿ ತಳ್ಳುಗಾಡಿಗಳ ನಡುವೆ ನುಸುಳಲು ಸುಲಭ ಅಂತ ಬೈಕಿನ ಅಗಲವಾದ ಹ್ಯಾಂಡಲ್ ತೆಗೆಸಿ ಗಿಡ್ಡದೊಂದು ಹಾಕಿಸಿಕೊಂಡರು. ಪೇಟೆಯೊಳಗೆ ಅದು ಜಾಣತನವೇ ಇರಬಹುದು. ಹೆದ್ದಾರಿಯಲ್ಲಿ ಮಾತ್ರ ಅದರ ಮೇಲೆ ಬಗ್ಗಿ, ಮೈಭಾರವನ್ನೆಲ್ಲ ಅಂಗೈಗೆ ಕೊಟ್ಟು, ಮಣಿಕಟ್ಟು ಮಡಿಸಿಕೊಂಡು ಗಂಟೆಗಟ್ಟಲೆ ಆಕ್ಸಿಲರೇಟರ್ ತಿರುವಿ ಹಿಡಿದಿರಬೇಕಿತ್ತು.

ಮೊದಲು ಮಣಿಕಟ್ಟಿನ ನೋವು, ಆಮೇಲೆ ಜೋಮು. ಬೈಕ್ ನಿಲ್ಲಿಸಿದವರು ಗೇಟಿನ ಹತ್ತಿರವೇ ನಿಂತು, ಕೈ ತೊಳೆದವರು ನೀರು ಒದರುವ ಹಾಗೆ ಬಲಗೈ ಒದರುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೂ ಅದೇ. ದಿನ ಕಳೆದಂತೆ ಅಂಗಿಯ ಗುಂಡಿ ಹಾಕಲು ತಡವರಿಸತೊಡಗಿದರು. ಚಿಲ್ಲರೆ ಬೆರಳ ಸಂದಿಯಿಂದ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

"ರೀ, ಯಾರಾದ್ರೂ ಡಾಕ್ಟ್ರಿಗೆ ತೋರಿಸ್ರಿ. ದಿನಾ ಅವರ ಬಾಗಿಲಲ್ಲೇ ಕಾಯ್ತಿರ್ತೀರಲ್ಲ" ಅಂದೆ.

"ನಾನು ಅಲ್ಲಿಗೆ ಹೋಗೋದು ಮಾತ್ರೆ ಬರೆಸೋಕೆ ಕಣೇ, ಕೈ ತೋರಿಸೋಕಲ್ಲ."

ಇದು ಅವರೊಬ್ಬರ ಹಟವಲ್ಲ, ಆ ಕಸುಬಿನವರೆಲ್ಲರ ಕಟ್ಟುಪಾಡು. ಡಾಕ್ಟರ ಎದುರು ರೆಪ್‌ಗೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ತನ್ನ ಮಾತ್ರೆ ಬಗ್ಗೆ ಹೇಳಬೇಕೇ ಹೊರತು ತನ್ನ ಮೈ ಬಗ್ಗೆ ಅಲ್ಲ. ಹೊರಗಿನ ಬೆಂಚಿನಲ್ಲಿ ಬೇರೆ ರೆಪ್‌ಗಳು ಕೂತಿರುತ್ತಾರೆ. ಇವನ ಕೈ ಹೋಯಿತಂತೆ ಅನ್ನುವ ಸುದ್ದಿ ಮ್ಯಾನೇಜರ್ ಕಿವಿಗೆ ಬಿದ್ದರೆ ಅವನು ಸುತ್ತುವ ಜಿಲ್ಲೆಗಳು ಇನ್ನೊಬ್ಬರ ಪಾಲಾದ ಹಾಗೆಯೇ. ಹಾಗಾಗಿ ಎಲ್ಲರೂ ನೋವು ಮುಚ್ಚಿಟ್ಟು, ತಮ್ಮ ಬ್ಯಾಗಿನ ಸ್ಯಾಂಪಲ್ ಮಾತ್ರೆಗಳನ್ನೇ ನುಂಗುತ್ತಿದ್ದರು. ಇವರೂ ಅಷ್ಟೇ. ಬೆಳಗ್ಗೆ ನೋವಿನ ಮಾತ್ರೆ, ರಾತ್ರಿ ನರಕ್ಕೆ ಅಂತ ಕೆಂಪು ಗುಳಿಗೆ. ಸಾಲದ್ದಕ್ಕೆ ಮಣಿಕಟ್ಟಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ತೋಳಿನ ಗುಂಡಿ ಹಾಕಿ ಮರೆಮಾಡುತ್ತಿದ್ದರು. ಮಣಿಕಟ್ಟಿನೊಳಗೆ ಮೊದಲೇ ಅದುಮಿಹೋಗಿದ್ದ ನರವನ್ನು ಇನ್ನಷ್ಟು ಅದುಮಿದರು ಅನ್ನುವುದು ಆಮೇಲೆ ತಿಳಿಯಿತು. ದೀಪದ ಬುಡದಲ್ಲಿ ಕತ್ತಲು ಅಂದರೆ ಅದು ನಮ್ಮ ಮನೆಯೇ.

ಕೊನೆಕೊನೆಗೆ ನೋವೂ ಕಡಿಮೆಯಾಯಿತು. "ನೋಡಿದ್ಯಾ, ಗುಳಿಗೆ ಕೆಲಸ ಮಾಡ್ತು" ಅಂತ ನನ್ನನ್ನೇ ಛೇಡಿಸಿದರು. ನನಗೂ ಸಮಾಧಾನವಾಯಿತು. ಬೆರಳುಗಳು ನೋಯುವುದನ್ನೇ ಮರೆಯುತ್ತಿವೆ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ನಾನು ಶಾಲೆಯ ಟೀಚರು. ವಾರವೆಲ್ಲ ಮಗಳ ಸ್ನಾನ ನನ್ನದು, ಭಾನುವಾರದ ಎಣ್ಣೆಸ್ನಾನ ಮಾತ್ರ ಅಪ್ಪನದು. ವಾರವಿಡೀ ರಸ್ತೆಯಲ್ಲೇ ಇರುವವರಿಗೆ ಅವಳು ಪೂರ್ತಿ ಸಿಗುತ್ತಿದ್ದದ್ದು ಆಗಲೇ. ಅವಳಿಗಾಗ ಐದು ವರ್ಷ. ಬಚ್ಚಲಲ್ಲಿ ತಾಮ್ರದ ಬಾಯ್ಲರ್. ಅದರ ನೀರು ಬಕೆಟ್ಟಿಗೆ ಬಿಟ್ಟು, ತಣ್ಣೀರು ಬೆರೆಸಿ, ಕೈ ಅದ್ದಿ ಹದ ನೋಡುವುದು. ಆ ಭಾನುವಾರವೂ ಬಲಗೈಯ ಬೆರಳ ತುದಿಗಳನ್ನು ಅದ್ದಿದ್ದರು. "ಹದವಾಗಿದೆ, ಕೂತ್ಕೋ ಪುಟ್ಟಿ" ಅಂದದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ತಲೆಗೆ ಸೀಗೆಪುಡಿ ಹಚ್ಚಿ ಮೊದಲ ಚೊಂಬು ಸುರಿದಿದ್ದೇ ಮಗು ಚೀರಿತು.

ಪ್ರತಿ ವಾರವೂ ಚೀರುತ್ತಿದ್ದಳು. ಸೀಗೆಪುಡಿ ಕಣ್ಣಿಗೆ ಹೋದರೆ ಯಾವ ಮಗು ಚೀರುವುದಿಲ್ಲ? ಇವರೂ ಹಾಗೇ ಅಂದುಕೊಂಡರು. "ಆಯ್ತು ಆಯ್ತು, ಕಣ್ಣು ಮುಚ್ಕೋ, ತೊಳೆದ್ಬಿಡ್ತೀನಿ" ಅನ್ನುತ್ತಾ ಅದೇ ನೀರನ್ನು ಮತ್ತೊಂದು ಚೊಂಬು ಹುಯ್ದರು. ಆಮೇಲೆ ಇನ್ನೊಂದು. ಆ ಕೂಗು ಬೇರೆಯದು ಅಂತ ಗೊತ್ತಾಗಿ ನಾನು ಓಡುವಷ್ಟರಲ್ಲಿ ಅವಳ ಹೆಗಲು, ಬೆನ್ನು ಕೆಂಪಗೆ ಉಬ್ಬುತ್ತಿದ್ದವು. ನಾನು ಬಕೆಟ್ಟಿಗೆ ಕೈ ಹಾಕಿ ಹಾಗೇ ಎಳೆದುಕೊಂಡೆ. ಅವರು ಚೊಂಬು ಹಿಡಿದು ನಿಂತೇ ಇದ್ದರು.

ಕರೆದೊಯ್ದದ್ದು ಗವಿಪುರದ ಒಬ್ಬ ಡಾಕ್ಟರ ಹತ್ತಿರ. ಇವರು ತಿಂಗಳಿಗೊಮ್ಮೆ ಬ್ಯಾಗು ಹಿಡಿದು ಹೋಗುತ್ತಿದ್ದ ಕ್ಲಿನಿಕ್ಕೇ ಅದು. ಮಗುವಿಗೆ ಮುಲಾಮು ಹಚ್ಚಿ ಬಟ್ಟೆ ಹೊದಿಸಿದ ಮೇಲೆ ಡಾಕ್ಟರು ಇವರ ಕಡೆ ತಿರುಗಿದರು.

"ಕೈ ಹಾಕಿ ನೋಡ್ಲಿಲ್ವೇನ್ರಿ?"

"ನೋಡ್ದೆ ಸಾರ್. ಬೆಚ್ಚಗಿತ್ತು."

ಡಾಕ್ಟರು ಇವರ ಬಲಗೈ ಎಳೆದುಕೊಂಡರು. ಕಣ್ಣು ಮುಚ್ಚಿಸಿ, ಸುಟ್ಟು ಕೆಂಪಾಗಿದ್ದ ಬೆರಳುಗಳಿಗೆ ಸೂಜಿಮೊನೆ ತಾಗಿಸಿದರು. ಕಿರುಬೆರಳಿಗೆ ಬಂದಾಗಷ್ಟೇ ಇವರು "ಹಾಂ, ಈಗ ಚುಚ್ಚಿದ್ರಿ" ಅಂದರು. ಅದಕ್ಕೆ ಮೊದಲು ಉಳಿದ ಬೆರಳುಗಳಿಗೆಲ್ಲ ಚುಚ್ಚಿ ಆಗಿತ್ತು.

"ತಿಂಗಳು ತಿಂಗಳೂ ನನ್ನೆದುರು ಕೂತು ನರದ ಮಾತ್ರೆ ಬಗ್ಗೆ ಭಾಷಣ ಮಾಡ್ತಿದ್ರಲ್ರೀ! ಒಂದ್ಸಲ ಕೈ ಚಾಚ್ಬಾರ್ದಿತ್ತಾ?"

ಡಾಕ್ಟರು ಸಿಟ್ಟಿನಲ್ಲೇ ಒಂದೊಂದಾಗಿ ಹೇಳಿದರು. ಹ್ಯಾಂಡಲ್ ಎತ್ತರಿಸಿಕೊಳ್ಳಬೇಕಿತ್ತು. ಮಣಿಕಟ್ಟು ಮುಂಗೈಗೆ ನೇರವಾಗಿರಬೇಕಿತ್ತು. ಹಿಡಿತ ಸಡಿಲ ಬಿಟ್ಟು, ಮೈಭಾರವನ್ನು ಸೊಂಟ, ತೊಡೆಗೆ ಕೊಡಬೇಕಿತ್ತು. ದಪ್ಪ ಗ್ಲೌಸ್ ಹಾಕಿ, ಕೈ ಜೋಮು ಹಿಡಿಯುವ ಮುಂಚೆಯೇ ಗಾಡಿ ನಿಲ್ಲಿಸಿ ಬೆರಳಾಡಿಸಬೇಕಿತ್ತು. ಬಾಗಿಲ ಹತ್ತಿರ ಮಗಳನ್ನು ಎತ್ತಿಕೊಂಡು ನಿಂತಿದ್ದ ನನಗೆ ಮೈ ಉರಿದುಹೋಯಿತು. ಇಷ್ಟೇನಾ? ಇಷ್ಟಕ್ಕಾ ನನ್ನ ಮಗುವಿನ ಬೆನ್ನು ಸುಟ್ಟಿದ್ದು?

ಉಗುರಲ್ಲಿ ಹೋಗುವುದಕ್ಕೆ ಕೊಡಲಿಯೇ ಬೇಕಾಯಿತು. ಇವರ ಮಣಿಕಟ್ಟಿಗೆ ಆಪರೇಷನ್ ಆಯಿತು. ಜೋಮು ಅರ್ಧ ಇಳಿಯಿತು, ಬೆರಳ ತುದಿಗಳ ಅರಿವು ವಾಪಸು ಬರಲಿಲ್ಲ. ಹೆಬ್ಬೆರಳ ಬುಡದ ಮಾಂಸ ಬತ್ತಿ ಅಲ್ಲೊಂದು ಗುಳಿ ಬಿತ್ತು. ಕಂಪನಿ ಜಿಲ್ಲೆಗಳನ್ನು ಬೇರೆಯವರಿಗೆ ಕೊಟ್ಟು ಇವರನ್ನು ಗೋಡೌನಿನಲ್ಲಿ ಕೂರಿಸಿತು. ಅದಕ್ಕೆ ಇವರು ಅಷ್ಟೇನೂ ಕೊರಗಲಿಲ್ಲ.

ಮಗಳ ಗಾಯ ಮಾಯ್ದು, ಹೆಗಲ ಮೇಲೆ ಬಿಳಿ ಕಲೆ ಉಳಿಯಿತು. ಎಷ್ಟೋ ತಿಂಗಳಾದ ಮೇಲೆ ಒಂದು ಭಾನುವಾರ ಇವರು ತಾವಾಗಿಯೇ ಬಚ್ಚಲಿಗೆ ಹೋಗಿ ನೀರು ಬೆರೆಸಿದರು. ಎಡಗೈ ಅದ್ದಿದರು. ನಂಬಿಕೆ ಸಾಲದೆ ಮೊಣಕೈಯನ್ನೂ ಅದ್ದಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ತಡೆಯಲಿಲ್ಲ. ಮಗಳು ಎಣ್ಣೆ ಹಚ್ಚಿದ ಮೈಯಲ್ಲಿ ಬಂದವಳು ಮಣೆಯ ಮೇಲೆ ಕೂರದೆ, ಎರಡೂ ಕೈಯಿಂದ ಹೆಗಲು ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಳು.

"ಅಮ್ಮಾ, ನೀನು ಮುಟ್ಟಿ ನೋಡು."

"ನಾನು ನೋಡಿದೀನಿ ಪುಟ್ಟಿ, ಹದವಾಗಿದೆ" ಅಂದರು ಇವರು.

"ಅವತ್ತೂ ಹಂಗೇ ಅಂದ್ಯಲ್ಲಪ್ಪಾ."

ಅವರು ಚೊಂಬನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ನಾನು ನೀರು ಮುಟ್ಟಿ ನೋಡಿದೆ. ಹದವಾಗಿಯೇ ಇತ್ತು.