ಒಂದು ಸೀರೆ, ಎರಡು ಆವೃತ್ತಿ

ಇಳಕಲ್ಲಿನ ನೇಕಾರರ ಸಂಘದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಸೋಮಲಿಂಗನಿಗೆ ಐವತ್ತು ದಾಟಿದೆ. ಮಗ್ಗ ಬಿಟ್ಟು ಕೋಡ್ ಬರೆಯಲು ಕಲಿತದ್ದು ತಲೆಗೂದಲು ಉದುರತೊಡಗಿದ ಮೇಲೆ. ಎರಡಕ್ಕೂ ಸಂಬಂಧವಿಲ್ಲ ಎನ್ನುತ್ತಾನೆ. ಹೆಂಡತಿ ಬಾಳವ್ವ ನಂಬುವುದಿಲ್ಲ. ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆಯನ್ನು ಚೌಕಳಿ ಹಾಳೆಯ ಮೇಲೆ ಮುದ್ರಿಸಿ ನೇಕಾರರಿಗೆ ಕೊಡುವ ಪ್ರೋಗ್ರಾಮು ಅವನದೇ ಕೂಸು. ಅದರೊಳಗಿನ ಚಿಕ್ಕಿ ಪರಾಸ ಎಂಬ, ನಕ್ಷತ್ರದಂಥ ಮೊನಚು ಚಿಕ್ಕಿಗಳ ಹಳೆಯ ದಡಿಯನ್ನಂತೂ ಅಪ್ಪ ನೇಯ್ದ ಸೀರೆ ನೋಡಿಯೇ ಎಳೆಯೆಳೆಯಾಗಿ ಇಳಿಸಿದ್ದ.

ಈ ವರ್ಷ ಸಂಘ ಆನ್‌ಲೈನ್ ಮಾರಾಟಕ್ಕೆ ಕೈಹಾಕಿತು. ಬಾಗಲಕೋಟೆಯಿಂದ ಬಂದ ಹುಡುಗ ಪ್ರೇಮಕುಮಾರ ಅದೇ ಪ್ರೋಗ್ರಾಮಿಗೆ ಮಾರಾಟದ ಭಾಗ ಸೇರಿಸಿದ. ಅಲ್ಲಿಂದ ಶುರುವಾಯಿತು ಜಗಳ. ಚಿತ್ರ ಬಿಡಿಸಲು ಎರಡೂ ಭಾಗಕ್ಕೆ ಬೇಕಾದದ್ದು ಒಂದೇ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡು. ಆದರೆ ದಡಿಗೆ ಅದರ ಹಳೆಯ ಆವೃತ್ತಿ, ಮಾರಾಟಕ್ಕೆ ಹೊಸದು; ಒಂದೇ ಪ್ರೋಗ್ರಾಮಿನಲ್ಲಿ ಎರಡೂ ಒಟ್ಟಿಗೆ ನಿಲ್ಲಲೊಲ್ಲವು. ಎಲ್ಲ ಜೋಡಿಸಿ ಬಿಲ್ಡ್ ಮಾಡಹೋದರೆ ಪರದೆ ತುಂಬ ಕೆಂಪಕ್ಷರ.

ನಮ್ಮೆಲ್ಲರಂತೆ ಸೋಮಲಿಂಗನೂ ಮೊದಲು ಸುಲಭದ ದಾರಿ ಹಿಡಿದ. ಎಲ್ಲಕ್ಕೂ ಹೊಸದನ್ನೇ ಹೇರಿದ. ಬಿಲ್ಡ್ ಆಯಿತು. ಖುಷಿಗೆ ಇಡೀ ಕಚೇರಿಗೆ ಮಿರ್ಚಿ ಭಜಿ ತರಿಸಿದ. ಭಜಿ ಮುಗಿಯುವುದರೊಳಗೆ ನಕ್ಷೆ ಹೊರಬಂತು. ಹೊಸ ಲೈಬ್ರರಿ ಗೆರೆಗಳನ್ನೆಲ್ಲ ನಯಮಾಡಿದ್ದರಿಂದ ಮೊನಚು ಚಿಕ್ಕಿಗಳು ಅಕ್ಕಿಹುಳುಗಳ ಮೆರವಣಿಗೆಯಾಗಿದ್ದವು.

"ಆ ಹಳಿ ದಡಿ ಡಿಲೀಟ್ ಮಾಡ್ರಿ ಕಾಕಾ, ಯಾರ ಉಡ್ತಾರ ಈಗ?" ಅಂದ ಪ್ರೇಮಕುಮಾರ.

"ನಿನ್ನ ಮದವ್ಯಾಗ ನಿಮ್ಮವ್ವ ಏನ ಉಡ್ತಾಳ, ಕೇಳಿ ಬಾ ಹೋಗಲೇ."

ಸಂಘದ ಅಧ್ಯಕ್ಷ ಶಿವಸಂಗಪ್ಪನವರು ನಡುವೆ ಬಾಯಿ ಹಾಕಿದರು. "ಸೋಮಲಿಂಗ, ಸೋಮವಾರ ಮಾರಾಟ ಚಾಲೂ ಆಗಬೇಕಪಾ. ಇದು ಬಗಿಹರಿಲಿಲ್ಲಂದ್ರ ದಡಿ ತಗದ ಬಿಡೂಣು."

"ತಗೀರಿ. ಅದರ ಜೋಡಿ ನನ್ನೂ ತಗೀರಿ," ಎಂದು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಬಾಳವ್ವ ಮಗ್ಗದಲ್ಲಿ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ರೂಢಿಯೇ ಅದು: ಮೈಗೆ ಹತ್ತಿಯ ಹಾಸು, ಅಂದರೆ ಉದ್ದದ ಎಳೆಗಳು, ಸೆರಗಿಗೆ ರೇಷ್ಮೆಯ ಹಾಸು, ಎರಡನ್ನೂ ಬೇರೆ ಬೇರೆ ಮಾಡಿಕೊಂಡು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು. ಹುಟ್ಟಿದಾಗಿನಿಂದ ಕಂಡದ್ದನ್ನೇ ಸೋಮಲಿಂಗ ತುತ್ತು ಕೈಯಲ್ಲಿ ಹಿಡಿದು ನೋಡಿದ.

"ಏನ ನೋಡ್ಲಾಕತ್ತೀರಿ? ಉಣ್ರಿ."

"ಎರಡಕ್ಕೂ ಒಂದ ನೂಲು ಹಾಕು ಅಂತ ಯಾರರ ಅಂದ್ರ?"

"ಅಂದವ್ರ ಬಂದು ನೇಯಲಿ."

ಅರ್ಧ ರೊಟ್ಟಿ ಬಿಟ್ಟು ಎದ್ದ. ಕಚೇರಿಗೆ ಬಂದು ದಡಿಯ ಭಾಗವನ್ನು ಬೇರೆ ಪ್ರೋಗ್ರಾಮು ಮಾಡಿ, ಹಳೆಯ ಲೈಬ್ರರಿಯನ್ನು ಅದರೊಳಗೇ ಇಟ್ಟ. ಮಾರಾಟ ಹೊಸದರೊಂದಿಗೆ ತನ್ನ ಪಾಡಿಗೆ. ನಡುವೆ ಪುಟ್ಟ ಕೊಂಡಿ: ದಡಿ ಬಿಡಿಸಿ ಕಳಿಸುತ್ತದೆ, ಮಾರಾಟ ತೋರಿಸುತ್ತದೆ. ಹಾಳೆಯ ಮೇಲೆ ಚಿಕ್ಕಿಗಳು ಚುಚ್ಚುವಷ್ಟು ಮೊನಚಾಗಿ ಬಂದವು.

"ಎರಡೆರಡು ಯಾರ ಸಂಭಾಳಸ್ತಾರ ಕಾಕಾ? ನಾಳೆ ಮತ್ತೊಂದು ಆವೃತ್ತಿ ಬರ್ತದ," ಅಂದ ಪ್ರೇಮಕುಮಾರ.

"ಬರ್ಲಿ. ನಾ ಎಲ್ಲಿ ಹೊಂಟೇನಿ?"

ಶಿವಸಂಗಪ್ಪನವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇರ್ಲಿ ಬಿಡಪಾ," ಎಂದು ಎದ್ದರು. ಅವರು ಬಾಗಿಲು ದಾಟುವುದರೊಳಗೆ ಸೋಮಲಿಂಗ, ಯಾರೂ ಕೇಳದಿದ್ದ ಇನ್ನೊಂದು ಹಳೆಯ ದಡಿಯನ್ನು ಸೇರಿಸಲು ಕೂತಾಗಿತ್ತು.