ಹೂಂ ಅನ್ನದ ಜಮ್ಮುಲಮ್ಮ

ಜಮ್ಮುಲಮ್ಮನನ್ನು ನಾನು ಮೊದಲು ಕಂಡದ್ದು ಮಕ್ತಲ್ ಬಸ್ ನಿಲ್ದಾಣದ ಹಿಂದಿನ ಒಂದು ಮಹಡಿಯ ಮೇಲೆ. ಅಲ್ಲಿ ಇಂಗ್ಲಿಷ್ ಮಾತನಾಡುವುದನ್ನು ಕಲಿಸುವ ತರಗತಿ ನಡೆಯುತ್ತಿತ್ತು. ನಮ್ಮ ತೆಲುಗು ಸೀಮೆ ಹೊಸ ರಾಜ್ಯವಾಗಿ ಎರಡು ಮೂರು ವರ್ಷಗಳಾಗಿದ್ದವು. ಊರಿನ ಗೋಡೆಗೋಡೆಗೂ ಟೈ ಕಟ್ಟಿಕೊಂಡ ಯುವಕನೊಬ್ಬ ನಗುತ್ತಿದ್ದ ಚಿತ್ರ. ಅದರ ಕೆಳಗೆ ಬಹುಬೇಗ ಇಂಗ್ಲಿಷ್ ಕಲಿಸಿಕೊಡುವ ಭರವಸೆ. ತರಗತಿ ನಡೆಸುತ್ತಿದ್ದವನು ನಮ್ಮ ಕನ್ನಡ ಶಾಲೆಯಲ್ಲಿ ನನ್ನ ಕೈಯಲ್ಲಿ ಓದಿದ ಮಾರ್ಕಂಡೇಯ. ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅವನೇ ಒಂದು ದಿನ ಕರೆದುಕೊಂಡು ಹೋಗಿದ್ದ.

ಕಿಟಕಿಯಿಲ್ಲದ ಕೋಣೆ. ಕಾಲೇಜು ಹುಡುಗ ಹುಡುಗಿಯರ ಹಿಂದೆ, ಕೊನೆಯ ಬೆಂಚಿನ ತುದಿಯಲ್ಲಿ, ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು ಸೆರಗು ಹೊದ್ದು ಕುಳಿತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ. ಮುಂದೆ ಕುಳಿತ ಹುಡುಗಿಯೊಬ್ಬಳು ದುಪಟ್ಟಾ ಮೂಗಿಗೆ ಹಿಡಿದು, "ಕುರಿ ದೊಡ್ಡ್ಯಾಗ ಕುಂತಂಗ ಐತಲ್ಲೇ" ಎಂದಳು. ಎಲ್ಲರೂ ನಕ್ಕರು. ಮಾರ್ಕಂಡೇಯನೂ ನಕ್ಕ. ಉಣ್ಣೆಯ ವಾಸನೆ ನನ್ನ ಮೂಗಿಗೂ ಬಂದಿತ್ತು. ಆದರೆ ನನಗೆ ಹೇಸಿಗೆಯಾದದ್ದು ಆ ನಗೆಯಿಂದ.

ಅಂದಿನ ಪಾಠ ಇನ್ನೂ ಹೇಸಿಗೆಯದು. "ಎದುರಿನವರ ಮಾತು ತಿಳಿಯಲಿಲ್ಲ ಅನ್ನೋದು ಮುಖದಾಗ ಕಾಣಬಾರದು. ನಗ್ರಿ, ತಲೆ ಆಡಿಸ್ರಿ, ಯೆಸ್ ಯೆಸ್ ಅನ್ರಿ. ಅಷ್ಟೇ ಇಂಗ್ಲಿಷ್!" ಎಂದು ಮಾರ್ಕಂಡೇಯ ಕೈ ಬೀಸಿ ಹೇಳುತ್ತಿದ್ದ.

ಹಿಂದಿನಿಂದ ಆ ಹೆಣ್ಣುಮಗಳು ಎದ್ದು ನಿಂತಳು. "ಸರ್ರೀ, ಮಾತಾಡಾದು ಆಮ್ಯಾಗ ಕಲಿತೀನ್ರಿ. ಅವರು ಹೇಳಿದ್ದು ನಮಗ ತಿಳಿಯಾದು ಹೆಂಗ್ರಿ? ಅದನ್ನ ಹೇಳಿ ಕೊಡ್ರಿ."

"ತಿಳಿದರೇನು, ಬಿಟ್ಟರೇನು ತಾಯಿ! ಧೈರ್ಯ ಇರಬೇಕು, ಧೈರ್ಯ!"

ಎಲ್ಲರೂ ಮತ್ತೆ ನಕ್ಕರು. ಆ ಕೋಣೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವಳು ಅವಳೊಬ್ಬಳೇ; ಉತ್ತರ ಸಿಗದೆ ಕುಳಿತವಳೂ ಅವಳೇ. ನನಗೆ ಅಲ್ಲಿ ಕೂರಲಾಗಲಿಲ್ಲ. ಮೆಟ್ಟಿಲಿಳಿದು ಬಂದೆ. ಸ್ವಲ್ಪ ಹೊತ್ತಿಗೆ ಅವಳೂ ಇಳಿದು ಬಂದು, "ನೀವು ಕನ್ನಡ ಸಾಲಿ ಮಾಸ್ತರಲ್ರೀ? ನನ್ನ ಗಂಡ ನಿಮ್ಮ ಕೈಯಾಗ ಏಟು ತಿಂದಾನಂತ್ರೀ" ಎಂದು ನಕ್ಕಳು. ಆ ನಗೆಯಿಂದ ನನ್ನ ಮನಸ್ಸು ಸ್ವಲ್ಪ ತಿಳಿಯಾಯಿತು.

ಅವಳ ಊರು ಮಾಗನೂರಿನ ಹತ್ತಿರದ ಒಂದು ಹಳ್ಳಿ. ಕುರುಬರ ಮನೆತನ. ಗಂಡ ಲಕ್ಷ್ಮಣ ವರ್ಷದ ಬಹುಭಾಗ ಕುರಿಯ ಹಿಂದೆ ಊರೂರು ತಿರುಗುತ್ತಿದ್ದ. ಮನೆಯಲ್ಲಿ ಜಮ್ಮುಲಮ್ಮ, ಅವಳ ಅತ್ತೆ ನರಸಿಂಹಮ್ಮ, ಎರಡು ರಾಟಿ. ಅತ್ತೆ ಸೊಸೆಯರಿಬ್ಬರೂ ನೂಲು ತೆಗೆಯುವುದರಲ್ಲಿ ಹೆಸರಾದವರು. ಆ ಮನೆತನಕ್ಕೆ ಇನ್ನೊಂದು ಗೌರವವಿತ್ತು. ಕುಲದೇವರು ಬೀರಪ್ಪನ ಗದ್ದುಗೆಗೆ ಹಾಸುವ ಕರಿಕಂಬಳಿಯ ನೂಲು ಹುಟ್ಟಬೇಕಾದದ್ದು ಅದೇ ಮನೆಯಲ್ಲಿ. ತಲೆಗೆ ನೀರೆರೆದುಕೊಂಡು, ಮಡಿಯಲ್ಲಿ ಕುಳಿತು ನೂಲಬೇಕು. ಎರಡು ತುದಿಗೂ ಬಿಳಿ ಉಣ್ಣೆಯ ಅಂಚು. ಆ ಕಂಬಳಿಯನ್ನು ಯಾರೂ ತುಳಿಯುವುದಿಲ್ಲ, ದಾಟುವುದೂ ಇಲ್ಲ.

ಚೆನ್ನೈ ಕಡೆಯ ಒಂದು ಕಂಪನಿ ಗದ್ವಾಲಿನಲ್ಲಿ ಕಂಬಳಿ ಕೊಳ್ಳುವ ಕೇಂದ್ರ ತೆರೆದಿತ್ತು. ಇವರ ನೂಲಿನ ಕಂಬಳಿಗಳೂ ಅಲ್ಲಿಗೇ ಹೋಗುತ್ತಿದ್ದವು. ಅದರ ಮ್ಯಾನೇಜರನಿಗೆ ತಮಿಳು ಮತ್ತು ಇಂಗ್ಲಿಷ್ ಬರುತ್ತಿದ್ದವು. ನಮ್ಮವರ ಕನ್ನಡ, ತೆಲುಗು, ಉರ್ದು ಯಾವುದೂ ಅವನಿಗೆ ಬಾರದು. "ಮಾತಾಡಾಕ ಅಲ್ರಿ, ತಿಳಕೊಳ್ಳಾಕ ಬಂದೀನ್ರಿ" ಎಂದು ಜಮ್ಮುಲಮ್ಮ ನನಗೆ ಮತ್ತೆ ಮತ್ತೆ ಹೇಳಿದಳು.

ಅವಳ ಇನ್ನೊಂದು ಗುಣವನ್ನು ಇಲ್ಲಿ ಹೇಳಬೇಕು, ಏಕೆಂದರೆ ಕೆಟ್ಟದ್ದೆಲ್ಲ ಆ ಒಳ್ಳೆಯ ಗುಣದಿಂದಲೇ ಬಂದಿತು. ಅವಳ ತಂದೆ ಬಾಲಯ್ಯ ಬೀರಪ್ಪನ ಕತೆ ಹಾಡುತ್ತಿದ್ದವನು. ಹಾಡುವವನ ಎದುರು ಹೂಂಗುಟ್ಟುವವರೊಬ್ಬರು ಇರಲೇಬೇಕೆಂಬುದು ಆ ಜನರ ಪದ್ಧತಿ. ಒಂದೊಂದು ಸಾಲಿಗೂ ‘ಹೂಂ’ ಬರದಿದ್ದರೆ ಕತೆ ಮುಂದೆ ಸಾಗದು. ಹಾಡುವವನಿಗೂ ದೇವರಿಗೂ ಅದು ಅವಮಾನ. ಬಾಲ್ಯದಿಂದಲೂ ತಂದೆಯ ಕತೆಗೆ ಹೂಂಗುಟ್ಟಿದವಳು ಜಮ್ಮುಲಮ್ಮ. ಮನೆಗೆ ಬಂದವರು ಏನು ಮಾತಾಡಿದರೂ ಅವಳ ಬಾಯಿಂದ ಹೂಂ ತಾನಾಗಿ ಹೊರಡುತ್ತಿತ್ತು. ಮಾತಾಡುವವರನ್ನು ಒಂಟಿಯಾಗಿ ಬಿಡಬಾರದೆಂಬ ಮರ್ಯಾದೆ ಅದು. ಮಾರ್ಕಂಡೇಯನ ತರಗತಿ ಆ ಮರ್ಯಾದೆಗೆ ಇಂಗ್ಲಿಷ್ ಅಂಗಿ ತೊಡಿಸಿ ಕಳಿಸಿತು.

ಒಂದು ದಿನ ಮ್ಯಾನೇಜರ ಅವಳನ್ನು ಗದ್ವಾಲಿಗೆ ಕರೆಸಿಕೊಂಡ. ಕ್ಯಾಮೆರಾ ಇಟ್ಟಿದ್ದರು. ಎದುರಿಗೆ ಬಿಳಿ ಅಂಚಿನ ಕರಿಕಂಬಳಿ. ಬೀರಪ್ಪನದೇ ಮಾದರಿಯಲ್ಲಿ ಅವರು ಬೇರೆಲ್ಲೋ ನೇಯಿಸಿಕೊಂಡದ್ದು. ಅವನು ನಗುನಗುತ್ತಾ ಕೇಳುತ್ತಾ ಹೋದ. ಜಮ್ಮುಲಮ್ಮ ನಗುನಗುತ್ತಾ ಪ್ರತಿ ಮಾತಿಗೂ ಯೆಸ್, ಯೆಸ್ ಎನ್ನುತ್ತಾ ಹೋದಳು. ಟೀ ಕೊಟ್ಟರು. ಸಂತೋಷದಿಂದ ಊರಿಗೆ ಬಂದಳು.

ಕೆಲವು ವಾರಗಳ ಮೇಲೆ ಆ ವಿಡಿಯೋ ನಮ್ಮ ಊರುಗಳ ಫೋನುಗಳಿಗೆಲ್ಲ ಬಂದಿತು. ಓದಿದ ಹುಡುಗರು ಅದರ ಅರ್ಥವನ್ನೂ ಎಲ್ಲರಿಗೆ ಬಿಡಿಸಿ ಹೇಳಿದರು. ನಾನೂ ನೋಡಿದೆ. ಇದು ನಿಮ್ಮ ದೇವರ ಮುಂದೆ ಹಾಸುವ ಕಂಬಳಿಯೇ ಎಂದು ಅವನು ಕೇಳುತ್ತಾನೆ, ಯೆಸ್. ಪಟ್ಟಣದ ಮನೆಗಳಲ್ಲಿ ಇದನ್ನು ಕಾಲೊರಸಾಗಿ ಬಳಸಿದರೆ ನಿಮಗೆ ಸಂತೋಷವೇ, ಯೆಸ್, ಯೆಸ್. ನಾಯಿ ಮಲಗಿದರೂ ಆದೀತೇ, ಯೆಸ್. ಕೊನೆಯಲ್ಲಿ ಯಾವುದೋ ದೊಡ್ಡ ಮನೆಯ ಬಚ್ಚಲಿನ ಬಾಗಿಲು. ಬಿಳಿ ಅಂಚಿನ ಮೇಲೆ ಒದ್ದೆ ಪಾದಗಳು. ಪಕ್ಕದಲ್ಲಿ ಜಮ್ಮುಲಮ್ಮನ ನಗುಮುಖ. ಶಿಕ್ಷಕನಾಗಿ ಎಷ್ಟೋ ಕೊಳಕು ಮಾತುಗಳನ್ನು ಕೇಳಿದ್ದೇನೆ. ಅಷ್ಟು ಶುದ್ಧವಾದ ಇಂಗ್ಲಿಷಿನಲ್ಲಿ ಅಷ್ಟು ಕೊಳಕನ್ನು ಎಂದೂ ಕೇಳಿರಲಿಲ್ಲ. ತನ್ನ ಮಾತು ಅವಳಿಗೆ ತಿಳಿಯುತ್ತಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಮುಖ ನೋಡಿದರೆ ಯಾರಿಗೂ ಗೊತ್ತಾಗುತ್ತಿತ್ತು.

ಬೀರಪ್ಪನ ಪೂಜಾರಿ ಆಶಪ್ಪ ಅವರ ಅಂಗಳಕ್ಕೆ ಬಂದು, ಹೊಸ್ತಿಲು ತುಳಿಯದೆ ನಿಂತೇ ಹೇಳಿದನಂತೆ: "ನರಸಿಂಹಮ್ಮಾ, ಇನ್ನ ಮ್ಯಾಗ ದೇವರ ಉಣ್ಣಿ ನಿಮ್ಮ ಮನಿಗೆ ಬರಾಂಗಿಲ್ಲವ್ವಾ. ನಿನ್ನ ಸೊಸಿ ದೇವರ ಹಾಸಿಗಿನ ನಾಯಿಗೆ ಹಾಸ್ಯಾಳ." ಮುದುಕಿ ದೇವರ ನೂಲಿಗೆಂದೇ ಇದ್ದ ರಾಟಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಅಂದಿನಿಂದ ಸೊಸೆ ಏನು ಹೇಳಿದರೂ ಅವಳು ಹೂಂಗುಟ್ಟಲಿಲ್ಲ.

ಸಂತೆಯ ದಿನ ಜಮ್ಮುಲಮ್ಮ ನನ್ನ ಮನೆಗೆ ಬಂದಳು. "ನಮ್ಮತ್ತಿ ಬೈದಿದ್ರ ತಡಕೊಂತಿದ್ದೆ ಸರ್ರೀ. ಗ್ವಾಡಿಗೆ ಹೇಳಿದಂಗ ಆಗೈತ್ರಿ. ಆ ರಾಟಿ ಮತ್ತ ಈ ಕಡೆ ತಿರಗಬೇಕು, ಅಷ್ಟೇ."

"ನಾನೇ ಬಂದು ಆ ಮ್ಯಾನೇಜರನಿಗೆ ಹೇಳ್ತೀನಿ ನಡಿ ತಂಗಿ" ಎಂದೆ. ನನ್ನ ಸಿಟ್ಟು ಅಷ್ಟಿತ್ತು.

"ಬ್ಯಾಡ್ರಿ. ಯೆಸ್ ಅಂದಿದ್ದು ನನ್ನ ಬಾಯಿ. ಮಾಸ್ತರು ಹೇಳಿದ್ರ ಅದು ಮಾಸ್ತರ ಮಾತು ಆಕ್ಕೈತಿ. ಅವ ಏನಂತಾನ ಅನ್ನಾದು ನನ್ನ ಕಿವಿಗೇ ತಿಳೀಬೇಕ್ರಿ."

ಹೀಗೆ ನಮ್ಮ ಜಗಲಿಯ ಮೇಲೆ ಪಾಠ ಶುರುವಾಯಿತು. ನನ್ನ ಇಂಗ್ಲಿಷ್ ಹಳೆಯ ಕಾಲದ್ದು, ಪುಸ್ತಕದ್ದು. ನಾನು ನಿಧಾನವಾಗಿ ಒಂದೊಂದು ಮಾತು ಹೇಳುವುದು, ಅವಳು ಸುಮ್ಮನೆ ಕೇಳುವುದು, ಕೇಳಿದ್ದನ್ನು ಕನ್ನಡದಲ್ಲಿ ತಿರುಗಿ ಹೇಳುವುದು. ತಿಳಿಯುವತನಕ ಬಾಯಿ ಬಿಡಬಾರದು, ಇದೊಂದೇ ನಿಯಮ. ಅದೇ ಅವಳಿಗೆ ಕಷ್ಟವಾಯಿತು. ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಹೂಂ ಅಂದು ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. "ಹಿರೇರು ಮಾತಾಡುವಾಗ ಸುಮ್ಮಕ ಕುಂತ್ರ ಎದಿ ಡವಡವ ಅಂತೈತ್ರಿ" ಎನ್ನುತ್ತಿದ್ದಳು. ಕೊನೆಗೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳುವ ಉಪಾಯ ಹೂಡಿದಳು.

ಊರಿನಲ್ಲಿದ್ದಾಗ ಅವಳ ಗುರು ಫೋನಿನೊಳಗಿನ ಹೆಣ್ಣುಮಗಳು. ಬ್ಯಾಂಕಿಗೆ ಫೋನು ಮಾಡಿದರೆ, ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾಳಲ್ಲ, ಅವಳು. "ಎಷ್ಟು ಸಲ ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳಲ್ರಿ ಆಕಿ. ಹೂಂ ಅಂದ್ರೂ ಅಷ್ಟೇ, ಅನ್ನದಿದ್ರೂ ಅಷ್ಟೇ. ನಿಮಗಿಂತ ತಾಳ್ಮಿ ಆಕಿಗೆ" ಎಂದು ನನ್ನನ್ನೇ ಚುಚ್ಚಿದಳು.

ನಾರಾಯಣಪೇಟೆ ಜಿಲ್ಲೆಯಾದ ವರ್ಷ ಅಲ್ಲಿ ಕೈಕಸುಬಿನವರ ಮೇಳವೊಂದು ನಡೆಯಿತು. ಆ ಕಂಪನಿಯೂ ಮಳಿಗೆ ಹಾಕಿದೆಯೆಂದು ತಿಳಿದು ಜಮ್ಮುಲಮ್ಮ ಹೊರಟಳು. ಆಶಪ್ಪನನ್ನು ತಾನೇ ಕೇಳಿಕೊಂಡು ಕರೆತಂದಿದ್ದಳು. ನಾನೂ ಹೋದೆ. ಸೀರೆಯ ಮಳಿಗೆಗಳನ್ನು ದಾಟಿ ಹೋದರೆ, ಕಂಪನಿಯ ಮಳಿಗೆಯ ಬಾಗಿಲಲ್ಲಿ ಬಿಳಿ ಅಂಚಿನ ಕರಿಕಂಬಳಿ ಬಿದ್ದಿತ್ತು. ಬಂದವರೆಲ್ಲ ಅದಕ್ಕೆ ಬೂಟು ಉಜ್ಜಿ ಒಳಗೆ ಹೋಗುತ್ತಿದ್ದರು. ಯಾರೋ ಎಲೆಯಡಿಕೆ ಉಗುಳಿದ ಕಲೆಯೂ ಇತ್ತು. ಆಶಪ್ಪ ಮುಖ ತಿರುಗಿಸಿಕೊಂಡ.

ಮ್ಯಾನೇಜರ ಕೈ ಮುಗಿದು ಎದುರು ಬಂದು, ಪಟಪಟನೆ ಮಾತಾಡತೊಡಗಿದ. ಜಮ್ಮುಲಮ್ಮ ಸೆರಗು ಕಚ್ಚಿ ನಿಂತಳು. ಅವನು ಯೆಸ್‌ಗಾಗಿ ಕಾದ. ಬರಲಿಲ್ಲ. ಮತ್ತೆ ಮಾತಾಡಿ ನಕ್ಕ. ಇವಳು ನಗಲಿಲ್ಲ. ಹೂಂಗುಟ್ಟುವವರಿಲ್ಲದ ಮಾತು ಎಷ್ಟು ಬೇಗ ತಡವರಿಸುತ್ತದೆಂಬುದನ್ನು ನಾನು ಅಂದು ನೋಡಿದೆ. ತಿಳಿಯಿತೇ ಎಂದು ಅವನು ಕೇಳಿದ. ಅವಳು ಸೆರಗು ಬಿಟ್ಟು, "ನೋ. ಅಗೇನ್. ಸ್ಲೋ" ಎಂದಳು. ಅವನು ಹೇಳಿದ. "ಅಗೇನ್" ಎಂದಳು. ಅವನ ಹಣೆಯಲ್ಲಿ ಬೆವರು ಕಾಣಿಸಿತು.

ಆಗ ಅವಳು ನಮ್ಮ ಕಡೆ ತಿರುಗಿ ಹೇಳಿದಳು. "ಆಶಪ್ಪಜ್ಜಾ, ಅವ ಅಂತಾನ, ಈ ಕಾಲು ಒರಸಾದು ಮಂದಿಗೆ ಭಾಳ ಮನಸಿಗೆ ಬಂದೈತಂತ. ಇನ್ನೊಂದು ಸಲ ಕ್ಯಾಮೆರಾದಾಗ ನಕ್ಕು ಯೆಸ್ ಅನ್ನಬೇಕಂತ. ಹೌದಿಲ್ರೀ ಸರ್ರೀ?"

"ಹೌದು ತಂಗಿ. ಅಷ್ಟೇ ಅವನು ಹೇಳಿದ್ದು" ಎಂದೆ.

ಅವಳು ಅವನ ಕಡೆ ತಿರುಗಿದಳು. "ನೋ. ದಿಸ್ ಗಾಡ್ ಸಿಟ್. ಲೆಗ್ ನೋ. ಡಾಗ್ ನೋ. ಐ ಯೆಸ್ ನೋ." ವಾಕ್ಯ ತಿದ್ದುವುದು ನನ್ನ ಹುಟ್ಟುಗುಣ, ಅಂದು ನಾಲಿಗೆ ಏಳಲಿಲ್ಲ. ಅವಳು ಬಾಗಿ ಬಾಗಿಲ ಕಂಬಳಿಯನ್ನು ಎತ್ತಿ, ಕೊಡವಿ, ಮಡಚಿ ಕಂಕುಳಿನಲ್ಲಿ ಇಟ್ಟುಕೊಂಡಳು. ಬೂಟು ಒರೆಸಲು ಕಾಲೆತ್ತಿದ್ದ ಒಬ್ಬ ದೊಡ್ಡ ಮನುಷ್ಯ ಕಾಲು ಎಲ್ಲಿಡುವುದೆಂದು ತಿಳಿಯದೆ ನಿಂತ. ಮ್ಯಾನೇಜರ ಓಕೆ, ಓಕೆ ಎಂದು ಫೋನಿನಲ್ಲಿ ಮುಖ ಹುದುಗಿಸಿದ. ಕ್ಷಮೆಯ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಆ ಭಾಷೆಯಲ್ಲಿ ಅದಕ್ಕೆ ಬಲು ಸಣ್ಣ ಪದವಿದೆ. ಅದೂ ಅವನಿಗೆ ಭಾರವಾಯಿತು.

ಬಸ್ಸಿನಲ್ಲಿ ಆಶಪ್ಪ ಅವಳ ಕಂಕುಳಿನ ಕಂಬಳಿಯನ್ನೇ ನೋಡುತ್ತಾ ಬಂದ. ಮಕ್ತಲ್ ಹತ್ತಿರ ಬಂದಾಗ, "ತೊಳದು ಹೊಳ್ಯಾಗ ಬಿಡವ್ವಾ ಅದನ್ನ" ಎಂದ. ಅವಳು ಹೂಂ ಎಂದಳು.

ಮುಂದಿನ ಸಲ ಕುರಿಗಳ ಉಣ್ಣೆ ಕತ್ತರಿಸಿದಾಗ ಕರಿ ಉಣ್ಣೆಯ ಗಂಟನ್ನು ಆಶಪ್ಪನೇ ಹೊತ್ತು ತಂದು ಅವರ ಹೊಸ್ತಿಲೊಳಗೆ ಇಳಿಸಿದ. ನರಸಿಂಹಮ್ಮ ರಾಟಿಯನ್ನು ಈಚೆ ತಿರುಗಿಸಿ, "ನೀರು ಕಾಸು, ಜಮ್ಮಿ. ತಲೀಗೆ ಎರಕೋ" ಎಂದಳಂತೆ.

ಆ ವಿಡಿಯೋ ಇಂದಿಗೂ ಯಾರ ಯಾರದೋ ಫೋನಿನಲ್ಲಿ ಓಡಾಡುತ್ತಿದೆ. ಮಾರ್ಕಂಡೇಯ ಅದೇ ಯೆಸ್ ಪಾಠವನ್ನು ಈಗ ಎರಡು ಊರುಗಳಲ್ಲಿ ಹೇಳುತ್ತಿದ್ದಾನೆ. ನೆನೆದರೆ ಅಸಹ್ಯವಾಗುತ್ತದೆ. ಆದರೆ ಮೊನ್ನೆ ಮಾಗನೂರಿಗೆ ಹೋದವನು ಅವರ ಮನೆಗೂ ಹೋಗಿದ್ದೆ. ಹೊರಗಿನ ವ್ಯಾಪಾರಿಗಳ ಫೋನು ಬಂದರೆ ಸುತ್ತಲಿನ ಮನೆಗಳ ಹೆಂಗಸರು ಈಗ ಅದನ್ನು ಜಮ್ಮುಲಮ್ಮನ ಕೈಗೆ ತಂದುಕೊಡುತ್ತಾರೆ. ನಾನು ಹೋದಾಗಲೂ ಅವಳು ಕಟ್ಟೆಯ ಮೇಲೆ ಫೋನು ಕಿವಿಗಿಟ್ಟು, ಸೆರಗು ಕಚ್ಚಿ ಕುಳಿತಿದ್ದಳು. ಆ ಕಡೆಯಿಂದ ಯಾರೋ ಹಲೋ, ಹಲೋ ಎಂದು ಅರಚುತ್ತಿದ್ದರು. ಒಳಗೆ ರಾಟಿ ತಿರುಗುತ್ತಿತ್ತು.

"ಏನಂತಾನಬೇ ಅವ?" ಎಂದು ನರಸಿಂಹಮ್ಮ ಕೂಗಿದಳು.

ಜಮ್ಮುಲಮ್ಮ ಸ್ವಲ್ಪ ತಡಿ ಎಂದು ಕೈಯೆತ್ತಿದಳು. ನನ್ನನ್ನು ನೋಡಿ ಕಣ್ಣಿನಲ್ಲೇ ನಕ್ಕು, ಕೂರಲು ಜಾಗ ತೋರಿಸಿ, ಮತ್ತೆ ಕೇಳಿಸಿಕೊಳ್ಳತೊಡಗಿದಳು.